ಒತ್ತಿದ ಕೀ ಎಲ್ಲಿಗೆ ಹೋಯ್ತು?

ಸ್ಕ್ರೀನ್ ರೀಡರ್, ಅಂದ್ರೆ ಕಣ್ಣು ಕಾಣದೋರಿಗೆ ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಬಳಸೋರಿಗೆಲ್ಲ ಒಂದಲ್ಲ ಒಂದಿನ ಇದು ಆಗೇ ಆಗತ್ತೆ, ನಿನ್ನೆವರೆಗೂ ಸರಿಯಾಗಿದ್ದ ಶಾರ್ಟ್‌ಕಟ್ ಇವತ್ತು ಒತ್ತಿದ್ರೆ ಸುಮ್ನಿರತ್ತೆ, ಇಲ್ಲಾ ಬೇರೇನೋ ಮಾಡತ್ತೆ. ಮೌಸ್ ಬಳಸೋರು ಹೇಗೋ ಕ್ಲಿಕ್ ಮಾಡ್ಕೊಂಡು ಹೋಗ್ತಾರೆ, ಆದ್ರೆ ಕೀಬೋರ್ಡನ್ನೇ ನಂಬ್ಕೊಂಡಿರೋರ ಕೆಲಸ ಅಲ್ಲೇ ನಿಂತ್ಹೋಗತ್ತೆ. ತುಂಬಾ ಜನ ಗಾಬರಿಯಾಗಿ ರೀಇನ್‌ಸ್ಟಾಲ್ ಮಾಡಕ್ಕೆ ಹೋಗ್ತಾರೆ. ದಯವಿಟ್ಟು ಬೇಡ, ಮೊದಲು ಆ ಕೀ ಯಾರ ಕೈಗೆ ಸಿಕ್ತು ಅಂತ ಹುಡುಕಿ.

ನಾವು ಒತ್ತಿದ ಕೀ ನೇರವಾಗಿ ಬ್ರೌಸರ್‌ಗೆ ಹೋಗಲ್ಲ. ವಿಂಡೋಸ್‌ನಲ್ಲಿ ಕೀಬೋರ್ಡ್ ಹುಕ್ ಅಂತ ಒಂದು ವ್ಯವಸ್ಥೆ ಇದೆ, ಸ್ಕ್ರೀನ್ ರೀಡರ್ ಅಲ್ಲಿ ಕಾಯ್ತಾ ಕೂತಿರತ್ತೆ, ತನಗೆ ಬೇಕಾದ ಕೀ ಬಂದ್ರೆ ಹಿಡ್ಕೊಳತ್ತೆ, ಬೇಡದ್ದನ್ನ ಮುಂದಕ್ಕೆ ಬಿಡತ್ತೆ. ಅದಕ್ಕೇ ವೆಬ್ ಪೇಜ್‌ನಲ್ಲಿ ಎಚ್ ಒತ್ತಿದ್ರೆ ಮುಂದಿನ ಹೆಡಿಂಗ್‌ಗೆ ಹೋಗೋದು.

ಪತ್ತೆ ಹಚ್ಚಕ್ಕೆ ಎನ್‌ವಿಡಿಎ, ಜಾಸ್ ಅನ್ನೋ ಸ್ಕ್ರೀನ್ ರೀಡರ್ ಎರಡರಲ್ಲೂ ಇನ್ಸರ್ಟ್ ಹಿಡಿದು ಮೇಲಿನ ಸಾಲಿನ 1 ಒತ್ತಿ, ವಿಂಡೋಸ್ ಜೊತೆಗೇ ಬರೋ ನರೇಟರ್‌ನಲ್ಲಾದ್ರೆ ಕ್ಯಾಪ್ಸ್ ಲಾಕ್ ಜೊತೆ 1. ಆಮೇಲೆ ಯಾವ ಕೀ ಒತ್ತಿದ್ರೂ ಅದರ ಹೆಸರು, ಅದಕ್ಕೊಂದು ಕೆಲಸ ಇದ್ರೆ ಆ ಕೆಲಸ, ಎರಡನ್ನೂ ಹೇಳತ್ತೆ, ಕೆಲಸ ಮಾತ್ರ ಮಾಡಲ್ಲ. ನನ್ನ ಪ್ರಕಾರ ಹೊಸಬರಿಗೆ ಮೊದಲ ದಿನವೇ ಕಲಿಸಬೇಕಾದ್ದು ಇದು. ಹೆಸರೇ ಹೇಳ್ಲಿಲ್ಲ ಅಂದ್ರೆ ಕೀ ಸ್ಕ್ರೀನ್ ರೀಡರ್‌ವರೆಗೂ ಬಂದೇ ಇಲ್ಲ, ಲ್ಯಾಪ್‌ಟಾಪ್‌ನ ಎಫ್ಎನ್ ಕೀನೋ ಹಿನ್ನೆಲೆಯಲ್ಲಿರೋ ಇನ್ನೊಂದು ಪ್ರೋಗ್ರಾಮೋ ತಡೆದಿರಬಹುದು. ಬೇರೆ ಕೆಲಸ ಹೇಳಿದ್ರೆ ಸ್ಕ್ರೀನ್ ರೀಡರೇ ಅದನ್ನ ಇಟ್ಕೊಂಡಿದೆ, ಆಗ ಅದೇ ಕೀಗಳನ್ನ ಮತ್ತೆ ಒತ್ತಿ ಈ ಪರೀಕ್ಷೆ ನಿಲ್ಲಿಸಿ, ಎನ್‌ವಿಡಿಎದಲ್ಲಿ ಇನ್ಸರ್ಟ್ ಎಫ್2, ಜಾಸ್‌ನಲ್ಲಿ ಇನ್ಸರ್ಟ್ 3 ಒತ್ತಿ ಶಾರ್ಟ್‌ಕಟ್ ಒತ್ತಿದ್ರೆ ಆ ಒಂದು ಸಲ ನೇರ ಪ್ರೋಗ್ರಾಮ್‌ಗೆ ಹೋಗತ್ತೆ.

ನಂಬರ್ ಪ್ಯಾಡ್ ಕೀಗಳು ಕೈಕೊಟ್ರೆ ಮೊದಲು ನಮ್ ಲಾಕ್ ನೋಡಿ. ಶಿಫ್ಟ್ 5 ಸಲ ಒತ್ತಿ ಗೊತ್ತಿಲ್ದೇ ಸ್ಟಿಕಿ ಕೀಸ್ (ಶಿಫ್ಟ್, ಕಂಟ್ರೋಲ್ ಥರದ ಕೀಗಳನ್ನ ಹಿಡ್ಕೊಳ್ದೇ ಒಂದೊಂದಾಗಿ ಒತ್ತಕ್ಕಿರೋ ಸೌಲಭ್ಯ) ಆನ್ ಆಗಿರೋದೂ ಉಂಟು. ಇನ್‌ಸ್ಟಾಲ್ ಮಾಡದ ಪೋರ್ಟಬಲ್ ಎನ್‌ವಿಡಿಎ ಆದ್ರೆ, ಅಡ್ಮಿನಿಸ್ಟ್ರೇಟರ್ ಆಗಿ ಓಡ್ತಿರೋ ಪ್ರೋಗ್ರಾಂ ಮುಂದೆ ಬಂದ ಕೂಡ್ಲೇ ಮೌನವಾಗತ್ತೆ, ಅದು ಕೆಟ್ಟಿಲ್ಲ, ಸುರಕ್ಷತೆಗೆ ಅಂತ ವಿಂಡೋಸೇ ಅಡ್ಡ ನಿಂತಿರತ್ತೆ.

ನನಗೆ ತುಂಬಾ ಸಂಕಟ ಅನ್ಸೋದು ಕಂಟ್ರೋಲ್ ಆಲ್ಟ್ ಬಾಣದ ಕೀಗಳ ವಿಷಯ. ಸ್ಕ್ರೀನ್ ರೀಡರ್‌ನಲ್ಲಿ ಅದು ಟೇಬಲ್‌ನ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗೋ ದಾರಿ, ಸ್ಕ್ರೀನ್ ನಡೆಸೋ ಸಾಫ್ಟ್‌ವೇರ್ ಆದ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಕೆಲವದರಲ್ಲಿ ಅದೇ ಕೀಗಳು ಇಡೀ ಸ್ಕ್ರೀನನ್ನ ತಿರುಗಿಸತ್ತೆ. ಸ್ಕ್ರೀನ್ ತಲೆಕೆಳಗಾಗಿದ್ರೂ ಕಾಣದೋರಿಗೆ ಅದು ಗೊತ್ತಾಗೋದು ಪಕ್ಕದಲ್ಲಿ ಯಾರಾದ್ರೂ ಹೇಳಿದಾಗ್ಲೇ. ಡ್ರೈವರ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಶಾರ್ಟ್‌ಕಟ್ (ಹಾಟ್‌ಕೀ) ಆಫ್ ಮಾಡಿದ್ರೆ ಮುಗೀತು, ಟೇಬಲ್ ಮತ್ತೆ ಕೈಗೆ ಸಿಗತ್ತೆ.