ಅಂಜಲ್ ಎಷ್ಟು ಉದ್ದವಿತ್ತು?

ಹೋದ ಮಳೆಗಾಲದ ಒಂದು ಭಾನುವಾರ ನಮ್ಮ ಬಡಾವಣೆಯ ಮೀನಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದಿದ್ದವರು ಅಂಗಡಿಯವನನ್ನು ಕೇಳಿದ್ದು ಎರಡೇ ಮಾತು: ‘ಅಂಜಲ್ ಇದೆಯಾ? ಫ್ರೆಶ್ಶಾ?’ ಇದೆ, ಬೆಳಿಗ್ಗೆ ತಾನೇ ಬಂತು ಎಂದ ಅವನು. ತಕ್ಕಡಿಗೆ ಬಿದ್ದ ಮೀನು ನನ್ನ ಮೊಳಕ್ಕಿಂತ ಗಿಡ್ಡವಿತ್ತು, ತೂಕ ಅರ್ಧ ಕಿಲೋ. ಅದನ್ನು ಬಿಲ್ಲೆ ಮಾಡಿದರೆ ಒಂದೊಂದೂ ಬಿಸ್ಕತ್ತಿನಷ್ಟೇ ಆಗುತ್ತದೆ. ನನ್ನ ಸರದಿ ಬಂದಾಗ ಏನೂ ಕೊಳ್ಳಲು ಮನಸ್ಸಾಗಲಿಲ್ಲ.

ಅಂಜಲ್ ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಸುಮಾರು 70 ಸೆಂಟಿಮೀಟರ್ ಬೆಳೆದಿರುತ್ತದೆ, ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಆ ತಕ್ಕಡಿಯಲ್ಲಿದ್ದದ್ದು ಕಡಲಿಗೆ ಒಂದೂ ಮರಿ ಕೊಡದೆ ಬಾಣಲೆಗೆ ಹೊರಟ ಮೀನು. ಮೀನಿನ ಸಂತಾನದ ಲೆಕ್ಕವೇ ಬೇರೆ. ಹಸು ಸಣ್ಣದಿರಲಿ ದೊಡ್ಡದಿರಲಿ, ಒಂದು ಸಲಕ್ಕೆ ಹಾಕುವುದು ಒಂದೇ ಕರು. ಹೆಣ್ಣುಮೀನಿಗೆ ಹೊಟ್ಟೆ ತುಂಬ ಮೊಟ್ಟೆ. ಹೊಟ್ಟೆ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಉದ್ದ ಇಮ್ಮಡಿಯಾದರೆ ಹೊಟ್ಟೆಯೊಳಗಿನ ಜಾಗ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಹಾಗಾಗಿ ಒಂದು ದೊಡ್ಡ ಹೆಣ್ಣುಮೀನು ಉಳಿದರೆ ಎಷ್ಟೋ ಚಿಕ್ಕ ಹೆಣ್ಣುಗಳು ಕೂಡಿ ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ. ಮರಿಗಳನ್ನು ಹಿಡಿದರೆ ಆ ದೊಡ್ಡ ಹೆಣ್ಣು ಹುಟ್ಟುವುದೇ ಇಲ್ಲ. ಆವತ್ತು ಅಂಗಡಿಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಇದೇ: ಎಷ್ಟು ಉದ್ದ?

ಇನ್ನೊಂದು ಪ್ರಶ್ನೆ, ಯಾವ ತಿಂಗಳು? ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಗಳಿಗೆ ಮಾತ್ರ ಅವಕಾಶ. ಪೂರ್ವ ಕರಾವಳಿಗೆ ಈ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಾಗಿಲು ಹಾಕಿರುತ್ತದೆ. ಆಗಲೂ ಬೆಂಗಳೂರಿನ ಅಂಗಡಿಗಳಲ್ಲಿ, ಕರಾವಳಿ ಊಟದ ಹೋಟೆಲುಗಳ ಪಟ್ಟಿಯಲ್ಲಿ ಎಲ್ಲ ಮೀನೂ ಇರುತ್ತದೆ. ಜುಲೈನಲ್ಲಿ ಬರುವುದು ಚೆನ್ನೈ, ವಿಶಾಖಪಟ್ಟಣದ ಕಡೆಯ ಮೀನಿರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಸಮುದ್ರದಿಂದ 350 ಕಿಲೋಮೀಟರ್ ದೂರದಲ್ಲಿ, 900 ಮೀಟರ್ ಎತ್ತರದಲ್ಲಿ ಕೂತ ನಮಗೆ ಕಡಲಿಗೂ ಒಂದು ಪಂಚಾಂಗವಿದೆ ಎಂಬುದೇ ಮರೆತುಹೋಗಿದೆ.

ಆ ಪಂಚಾಂಗ ಬರೆಯುವುದು ಗಾಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗುಂಟ ವಾಯವ್ಯ ದಿಕ್ಕಿನಿಂದ ದಕ್ಷಿಣದತ್ತ ಗಾಳಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಗಾಳಿ ಹೋದತ್ತಲೇ ಹೋಗದೆ ಅದರ ಬಲಕ್ಕೆ ಸರಿಯುತ್ತದೆ. ಇಲ್ಲಿ ಬಲವೆಂದರೆ ಪಡುವಣ, ಅಂದರೆ ದಡದಿಂದ ದೂರ. ಹಾಗೆ ತೆರವಾದ ಜಾಗಕ್ಕೆ ಅಡಿಯ ತಣ್ಣೀರು ಏರಿಬರುತ್ತದೆ. ವರ್ಷವಿಡೀ ಸತ್ತ ಜೀವಿಗಳು ತಳಕ್ಕೆ ಬಿದ್ದು ಕೊಳೆತ ಗೊಬ್ಬರವೆಲ್ಲ, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್, ಆ ನೀರಿನ ಜೊತೆ ಬೆಳಕಿಗೆ ಬರುತ್ತದೆ. ಕನ್ಯಾಕುಮಾರಿಯ ಕಡೆ ಮೊದಲು ಶುರುವಾಗುವ ಈ ಏರಿಕೆ ಮೆಲ್ಲಗೆ ಉತ್ತರಕ್ಕೆ ಸರಿಯುತ್ತ ನಮ್ಮ ಮೂರು ಕರಾವಳಿ ಜಿಲ್ಲೆಗಳನ್ನೂ ಮುಟ್ಟುತ್ತದೆ. ಗೊಬ್ಬರ ಮತ್ತು ಬೆಳಕು ಕೂಡಿದ ಕಡೆ ಡಯಾಟಮ್ ಎಂಬ ಕಣ್ಣಿಗೆ ಕಾಣದ ಗಾಜಿನ ಚಿಪ್ಪಿನ ಪಾಚಿ ಕಡಲ ತುಂಬ ಬೆಳೆಯುತ್ತದೆ. ಅದನ್ನು ಸೋಸಿ ತಿನ್ನುವ ಮೀನೇ ಬೂತಾಯಿ. ಅದು ಮೊಟ್ಟೆಯಿಡುವುದೂ ಇದೇ ಮಳೆಗಾಲದಲ್ಲಿ. ಮರಿ ಬಾಯಿ ತೆರೆಯುವ ಹೊತ್ತಿಗೆ ಸುತ್ತಲೂ ಊಟ ಬಡಿಸಿಟ್ಟಿರುತ್ತದೆ.

ಕರಾವಳಿಯ ಮೀನುಗಾರರಿಗೆ ಇದು ಪುಸ್ತಕದಿಂದ ಬಂದ ಅರಿವಲ್ಲ. ‘ತೂಫಾನ್’ ಆಗಿ ಕಡಲು ಬುಡದಿಂದ ಕದಡಿದರೆ ಮೀನು ದಡದ ಹತ್ತಿರ ಬರುತ್ತದೆಂದು ನಾಡದೋಣಿಯವರು ಅದಕ್ಕೆ ಕಾದು ಕೂರುತ್ತಾರೆ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ ಬಲೆ ಎತ್ತುವ ಪದ್ಧತಿ ಸರ್ಕಾರದ 61 ದಿನಗಳಿಗಿಂತ ಎಷ್ಟೋ ಹಳೆಯದು.

ಬೂತಾಯಿಯ ಕಥೆಯಲ್ಲಿ ಎಚ್ಚರದಿಂದ ಹೇಳಬೇಕಾದದ್ದೊಂದಿದೆ. 2012ರಲ್ಲಿ ಕೇರಳದ ದಡಕ್ಕೆ ಸುಮಾರು 4 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು ಸುಮಾರು 3,300 ಟನ್. ಇದಕ್ಕೆಲ್ಲ ಬಲೆಯೇ ಕಾರಣ ಎಂದರೆ ಅರ್ಧಸತ್ಯವಾದೀತು. 2015ರ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯೇರಿ ಹವಾಮಾನವನ್ನೇ ಏರುಪೇರು ಮಾಡುವ ವಿದ್ಯಮಾನ, ನಮ್ಮ ಕಡಲನ್ನೂ ಬಿಸಿ ಮಾಡಿತ್ತು, ಬೂತಾಯಿಗೆ ಅದು ಒಗ್ಗದು. ನೂರು ವರ್ಷಗಳ ಹಿಂದೆಯೂ ಅದು ಕೆಲವು ವರ್ಷ ತುಂಬಿ ಬಂದು ಕೆಲವು ವರ್ಷ ಕಾಣೆಯಾಗುತ್ತಿತ್ತು. 1940ರ ದಶಕದಲ್ಲೇ ಮದ್ರಾಸ್ ಸರ್ಕಾರ ಮರಿ ಬೂತಾಯಿ ಹಿಡಿಯದಂತೆ ನಿರ್ಬಂಧ ಹೇರಿತ್ತು. ಕಡಲು ತಾನಾಗಿ ಸೊರಗಿದ ವರ್ಷದಲ್ಲಿ ಉಳಿದ ಮರಿಗಳನ್ನೂ ಬಳಿದುಬಿಟ್ಟರೆ ಚೇತರಿಸಿಕೊಳ್ಳಲು ಬೀಜವೇ ಇರುವುದಿಲ್ಲ. ನನ್ನ ಭಯ ಅದು.

ಮರಿಗಳು ಸಿಕ್ಕಿಬೀಳಲು ಬಲೆಯ ಕಣ್ಣಿನ ಆಕಾರವೂ ಒಂದು ಕಾರಣ. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯ ತುದಿಯಲ್ಲಿ ಮೀನು ಬಂದು ಸೇರುವ ಚೀಲವಿದೆ. ಅದರ ಕಣ್ಣು ವಜ್ರದಾಕಾರದಲ್ಲಿದ್ದರೆ ಬೋಟು ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತದೆ. ಮರಿಗೆ ದಾರಿ ಕಿರಿದಾಗುತ್ತದೆ. ಅದೇ ಚೌಕಾಕಾರದ ಕಣ್ಣು ಎಷ್ಟೇ ಎಳೆದರೂ ತೆರೆದೇ ಇರುತ್ತದೆ, ಸಣ್ಣವು ನುಸುಳಿ ಹೋಗುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ವರ್ಷಗಳಿಂದ ಹೇಳುತ್ತಿರುವುದು ಈ ಚೌಕ ಕಣ್ಣಿನ ಚೀಲವನ್ನೇ. ಇಷ್ಟು ಸರಳ ಉಪಾಯ ಇನ್ನೂ ಎಲ್ಲ ಬೋಟುಗಳಿಗೆ ಹತ್ತದಿರುವುದಕ್ಕೆ ಕಾರಣ, ಮರಿಮೀನಿಗೂ ಗಿರಾಕಿ ಇದೆ. ತಿನ್ನಲು ಬಾರದ ಪುಟ್ಟವು ಮೀನುಹಿಟ್ಟಿನ ಕಾರ್ಖಾನೆಗೆ ಹೋಗಿ ಕೋಳಿಗೆ, ಸಾಕು ಸಿಗಡಿಗೆ ಮೇವಾಗುತ್ತವೆ. ಮೀನು ಮುಟ್ಟದೆ ಕೋಳಿ ಮಾತ್ರ ತಿನ್ನುವವರೂ ಈ ಬಲೆಯ ಒಂದು ತುದಿ ಹಿಡಿದಿರಬಹುದು. ಕಣ್ಣು ಕೋರೈಸುವ ದೀಪ ಹಾಕಿ ರಾತ್ರಿ ಮೀನನ್ನು ಸೆಳೆದು ಹಿಡಿಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಾಡದೋಣಿಯವರು ಲೈಟ್ ಫಿಶಿಂಗ್ ವಿರುದ್ಧ ಪ್ರತಿಭಟನೆಗಳನ್ನೂ ನಡೆಸಿದ್ದಾರೆ.

ಶುಕ್ರವಾರ ರಾತ್ರಿಯ ಬಸ್ಸಿನಲ್ಲೋ ಪಂಚಗಂಗಾ ರೈಲಿನಲ್ಲೋ ನಾವು ಅದೇ ಕಡಲಿಗೆ ಪ್ರವಾಸ ಹೊರಡುತ್ತೇವೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದರೆ ಹವಳ ಕಾಣುತ್ತದೆ. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುವಂಥದ್ದು. ದೋಣಿಯ ಲಂಗರು ಅದರ ಮೇಲೆ ಬಿದ್ದರೆ ನಮ್ಮ ಜೀವಮಾನದಲ್ಲಿ ತುಂಬದ ಗಾಯ. ಲಂಗರು ಹಾಕುವ ಬದಲು ಶಾಶ್ವತ ತೇಲುಬುರುಡೆಗೆ ದೋಣಿ ಕಟ್ಟುವವರ ಜೊತೆಗೇ ಹೋಗಬೇಕು, ಮೊದಲೇ ಕೇಳಿ ತಿಳಿದುಕೊಂಡು. ಹೊನ್ನಾವರದ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಸುಮಾರು 50 ದಿನಕ್ಕೆ ಹೊರಬರುವ ಮರಿಗಳು ಬೆಳಕು ಹೆಚ್ಚಿದ್ದ ಕಡೆ ಓಡುತ್ತವೆ. ಲಕ್ಷಾಂತರ ವರ್ಷ ಆ ಬೆಳಕು ತೆರೆಯಂಚಿನದ್ದಾಗಿತ್ತು. ಈಗ ರೆಸಾರ್ಟಿನ ದೀಪ ಅದಕ್ಕಿಂತ ಪ್ರಖರ, ಮರಿಗಳು ಹಿಂದಕ್ಕೆ, ರಸ್ತೆಯ ಕಡೆ ತೆವಳುತ್ತವೆ. ದಡದ ಕೋಣೆಯಲ್ಲಿ ಉಳಿದವರು ಸಮುದ್ರದ ಕಡೆಯ ದೀಪ ಆರಿಸಿ ಎಂದು ಕೇಳಿಕೊಂಡರೆ ಅದಕ್ಕೆ ಖರ್ಚೂ ಇಲ್ಲ.

ಆ ಭಾನುವಾರ ಬರಿಗೈಲಿ ಬಂದವನನ್ನು ನೋಡಿ ನಮ್ಮ ಕೆಳಮನೆಯ ಕುಂದಾಪುರದ ಅಕ್ಕ ನಕ್ಕರು. ‘ಮಳೆಗಾಲದಲ್ಲಿ ಹಸಿ ಮೀನು ಹುಡುಕ್ಲಿಕ್ಕೆ ಹೋದ್ರಾ ಮಾರಾಯ್ರೆ?’ ಎಂದವರೇ ಡಬ್ಬಿಯಿಂದ ಒಣಸಿಗಡಿ ತೆಗೆದು ಕಾವಲಿಯ ಮೇಲೆ ಹುರಿದರು. ತೆಂಗಿನಕಾಯಿ, ಸುಟ್ಟ ಒಣಮೆಣಸು, ಹುಣಸೆಹುಳಿ ಸೇರಿಸಿ ಅರೆದು ಕುಚ್ಚಲಕ್ಕಿ ಗಂಜಿಯ ಜೊತೆ ಕೊಟ್ಟರು. ಅವರ ತವರಿನಲ್ಲಿ ಬೇಸಿಗೆಯಲ್ಲೇ ಮರಳ ಮೇಲೆ ಒಣಗಿಸಿಟ್ಟ ನಂಗು, ಸಿಗಡಿಯಲ್ಲಿ ಮಳೆಗಾಲ ಕಳೆಯುತ್ತಿತ್ತಂತೆ. ಬೂತಾಯಿ ಯಾವಾಗ ಎಂದು ಕೇಳಿದೆ. ನೂಲಹುಣ್ಣಿಮೆ ಕಳೆಯಲಿ, ಆಮೇಲೆ ನೋಡುವ ಎಂದರು.