ಕುದಿಸಿದ ಮೇಲೂ ಬಣ್ಣ ಬಂದರೆ ಏನರ್ಥ?

ಎಂ.ಎಸ್ಸಿ. ಪ್ರಾಜೆಕ್ಟ್ ವರದಿಗಳನ್ನು ಓದುವಾಗ ಒಂದು ಸಾಲು ಬಂದರೆ ನಾನು ಪೆನ್ನು ಕೈಗೆತ್ತಿಕೊಳ್ಳುತ್ತೇನೆ. “ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಈ ಪೆರಾಕ್ಸಿಡೇಸ್ 70 ಡಿಗ್ರಿಯಲ್ಲಿ ಅತಿ ಚುರುಕಾಗಿತ್ತು, ಆದ್ದರಿಂದ ಇದು ಶಾಖ ತಡೆಯುವ ಕಿಣ್ವ.” ಮೊದಲರ್ಧ ನಿಜವಿರಬಹುದು. ಅದರಿಂದ ಎರಡನೆಯದು ಹೊರಡುವುದಿಲ್ಲ. ಇದು ಸಣ್ಣ ವಿಷಯವಲ್ಲ. ಇಂಥ ಸಾಲನ್ನು ನಂಬಿ ಮುಂದಿನ ಕೆಲಸಕ್ಕೆ ಹಣ, ವರ್ಷ ಎರಡನ್ನೂ ಹಾಕುವವರಿದ್ದಾರೆ.

ಕಿಣ್ವ ಅಂದರೆ ಎನ್‌ಜೈಮ್, ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಪೆರಾಕ್ಸಿಡೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿಕೊಂಡು ಬೇರೊಂದು ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆ ಅಣು ಬಟ್ಟೆಗೆ ಹಾಕುವ ಬಣ್ಣವಿರಬಹುದು, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್‌ನ ಚೂರಿರಬಹುದು. ನಾನು ಹೇಳುತ್ತಿರುವ ಬಗೆಯ ಪೆರಾಕ್ಸಿಡೇಸ್‌ಗಳಲ್ಲಿ ಈ ಕೆಲಸ ನಡೆಯುವುದು ಹೀಮ್‌ನಲ್ಲಿ. ನಮ್ಮ ರಕ್ತದಲ್ಲೂ ಇರುವ, ನಡುವೆ ಕಬ್ಬಿಣ ಇಟ್ಟುಕೊಂಡ ಅದೇ ಹೀಮ್. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಳ್ಳೆಯ ಉದಾಹರಣೆ ಅಂದರೆ ಥರ್ಮೋಬಿಫಿಡಾ ಫಸ್ಕಾ. ಇದು ಮಣ್ಣಿನ ಆಕ್ಟಿನೊಮೈಸೀಟ್, ಅಂದರೆ ಬೂಷ್ಟಿನ ಹಾಗೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ. 50–55 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಗಾಳಿಯಾಡುವ ಕಾಂಪೋಸ್ಟ್ ರಾಶಿಯ ನಡುಭಾಗ 60 ಡಿಗ್ರಿ ದಾಟುವುದು ಮಾಮೂಲಿ. ಅಲ್ಲಿ ಇಂಥವುಗಳದ್ದೇ ರಾಜ್ಯ. ಬಿಸಿ ರಾಶಿ ಬಗೆದಾಗ ಬೂದುಬಿಳಿ ಪುಡಿ ಕಾಣುತ್ತದೆ, ಅಲ್ವಾ? ಬೂಷ್ಟು ಹಿಡಿದಿದೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಆಕ್ಟಿನೊಮೈಸೀಟ್‌ಗಳ ಬೆಳವಣಿಗೆ. ಮಾದರಿ ತೆಗೆಯುವಾಗ ದಯವಿಟ್ಟು ಮಾಸ್ಕ್ ಹಾಕಿಕೊಳ್ಳಿ. ಕೊಳೆತ ಹುಲ್ಲು, ಕಬ್ಬಿನ ಸಿಪ್ಪೆಯಿಂದ ಏಳುವ ಈ ಧೂಳನ್ನು ಮತ್ತೆ ಮತ್ತೆ ಉಸಿರಾಡಿದರೆ ಶ್ವಾಸಕೋಶ ಕೆಡಬಹುದು.

ಈ ಬ್ಯಾಕ್ಟೀರಿಯಾದ ಒಂದು ಪೆರಾಕ್ಸಿಡೇಸನ್ನು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದವರು 2010ರಲ್ಲಿ ವಿವರಿಸಿದರು. ಅದು ‘ಡೈಪ್’ ಗುಂಪಿಗೆ ಸೇರಿದ್ದು, ಅಂದರೆ ಬಣ್ಣ ಕಳೆಯುವ ಪೆರಾಕ್ಸಿಡೇಸ್. ಗಿಡಗಳ, ಪ್ರಾಣಿಗಳ ಪೆರಾಕ್ಸಿಡೇಸ್‌ಗಳಿಗೂ ಇದಕ್ಕೂ ನಂಟಿಲ್ಲ. ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಅದು ಜೀವಕೋಶದಿಂದ ಹೊರಬರುವ ರೀತಿಯೇ ಬೇರೆ. ಬ್ಯಾಕ್ಟೀರಿಯಾಗಳು ಹೊರಗೆ ಕಳಿಸುವ ಹೆಚ್ಚಿನ ಪ್ರೋಟೀನುಗಳು ಸೂಜಿಕಣ್ಣಿನಲ್ಲಿ ದಾರ ಪೋಣಿಸಿದ ಹಾಗೆ ನೀಳವಾಗಿ ದಾಟುತ್ತವೆ, ಹೊರಗೆ ಹೋಗಿ ಮಡಚಿಕೊಳ್ಳುತ್ತವೆ. ಇದು ಹಾಗೆ ಹೋದರೆ ಹೀಮ್ ಒಳಗೇ ಉಳಿದುಬಿಡುತ್ತದೆ. ಆದ್ದರಿಂದ ಟ್ಯಾಟ್ ಎಂಬ ಇನ್ನೊಂದು ದಾರಿ ಹಿಡಿಯುತ್ತದೆ. ಒಳಗೇ ಹೀಮ್ ತುಂಬಿಕೊಂಡು, ಪೂರ್ತಿ ಮಡಚಿಕೊಂಡು, ಆಮೇಲೆ ಪೊರೆ ದಾಟುತ್ತದೆ. ನನಗೆ ಇದು ಇವತ್ತಿಗೂ ಸೋಜಿಗದ ಸಂಗತಿ.

ಈಗ ಪರೀಕ್ಷೆಯ ವಿಷಯ. ಬ್ಯಾಕ್ಟೀರಿಯಾ ಬೆಳೆಸಿದ ದ್ರವಕ್ಕೆ ಪೆರಾಕ್ಸೈಡ್ ಮತ್ತು ಎಲೆಕ್ಟ್ರಾನ್ ಕಳೆದುಕೊಂಡರೆ ಬಣ್ಣ ತಿರುಗುವ ಗ್ವಾಯಕಾಲ್ ಹಾಕುತ್ತೇವೆ. ಕಂದುಗೆಂಪು ಬಂದರೆ ಪೆರಾಕ್ಸಿಡೇಸ್ ಇದೆ ಎನ್ನುತ್ತೇವೆ. ಅದೇ ದ್ರವವನ್ನು 20 ನಿಮಿಷ ಕುದಿಸಿದ ಮೇಲೂ ಬಣ್ಣ ಬಂತು ಅಂದುಕೊಳ್ಳಿ. ಅಬ್ಬಾ, ಎಂಥ ಗಟ್ಟಿ ಕಿಣ್ವ ಅಂತ ಖುಷಿಪಡುವ ಮೊದಲು ಅನುಮಾನಪಡಿ. ಕಿಣ್ವ ಸತ್ತರೂ ಹೀಮ್ ಸಾಯುವುದಿಲ್ಲ. ಪೆರಾಕ್ಸೈಡ್ ಸಿಕ್ಕರೆ ಬರೀ ಹೀಮ್ ಕೂಡ ಬಣ್ಣ ಬರಿಸುತ್ತದೆ. ಅಪರಾಧ ತನಿಖೆಯಲ್ಲಿ ರಕ್ತದ ಕಲೆ ಹುಡುಕುವ ಬಣ್ಣದ ಪರೀಕ್ಷೆ ನಿಂತಿರುವುದೇ ಇದರ ಮೇಲೆ. ದ್ರವದಲ್ಲಿರುವ ಕಬ್ಬಿಣ, ತಾಮ್ರವೂ ಸ್ವಲ್ಪ ಬಣ್ಣ ಕೊಡಬಹುದು. ಹಾಗಾಗಿ ಕುದಿಸಿದ ಮಾದರಿಯ ಅಂಕಿಯನ್ನು ಕಳೆದು ಲೆಕ್ಕ ಹಾಕಿ. ಡಯಾಲಿಸಿಸ್ ಮಾಡಿ ಸಣ್ಣ ಅಣುಗಳನ್ನು ತೆಗೆದು ಮತ್ತೆ ನೋಡಿ. ಪೆರಾಕ್ಸೈಡ್ ಹಾಕದೆಯೂ ಒಂದು ಟ್ಯೂಬ್ ಇಡಿ. ಅದರಲ್ಲೂ ಬಣ್ಣ ಬಂದರೆ ಅದು ಗಾಳಿಯ ಆಮ್ಲಜನಕ ಬಳಸುವ ಲ್ಯಾಕೇಸ್ ಎಂಬ ಬೇರೆ ಕಿಣ್ವ ಇರಬಹುದು. ಪೆರಾಕ್ಸೈಡ್ ಹಾಕಿದ ಕೂಡಲೇ ಜೋರಾಗಿ ಗುಳ್ಳೆ ಬಂದರೆ ಅದು ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವ ಕೆಟಲೇಸ್ ಕಿಣ್ವದ ಕೆಲಸ.

ಇನ್ನು ಆ 70 ಡಿಗ್ರಿ. ಅದನ್ನು ಅಳೆದದ್ದು ಹೇಗೆ? ಬಿಸಿ ದ್ರವದಲ್ಲಿ ಕಿಣ್ವದಿಂದ ಒಂದೆರಡು ನಿಮಿಷ ಕೆಲಸ ಮಾಡಿಸಿ ನೋಡಿರುತ್ತಾರೆ, ಅಷ್ಟೆ. ಬಿಸಿ ಏರಿದಂತೆ ಕೆಲಸ ವೇಗವಾಗುತ್ತದೆ. ಹತ್ತು ನಿಮಿಷಕ್ಕೆ ಸಾಯುವ ಕಿಣ್ವವೂ ಮೊದಲ ಎರಡು ನಿಮಿಷ ಭರ್ಜರಿಯಾಗಿ ಓಡುತ್ತದೆ. ತಾಳಿಕೆ ತಿಳಿಯಲು ಬೇರೆಯೇ ಪ್ರಯೋಗ ಬೇಕು. ಗ್ವಾಯಕಾಲ್, ಪೆರಾಕ್ಸೈಡ್ ಏನೂ ಹಾಕದೆ ಕಿಣ್ವವನ್ನು 60 ಅಥವಾ 70 ಡಿಗ್ರಿಯಲ್ಲಿ ಇಡಿ. ಆಗಾಗ ಸ್ವಲ್ಪ ತೆಗೆದು ಮಂಜುಗಡ್ಡೆಯಲ್ಲಿ ತಣಿಸಿ. ಎಲ್ಲವನ್ನೂ ಒಂದೇ ಸಾಮಾನ್ಯ ಉಷ್ಣತೆಯಲ್ಲಿ ಅಳೆಯಿರಿ. ಶಕ್ತಿ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು? ಅದೇ ಅರ್ಧಾಯುಷ್ಯ. ವರದಿಯಲ್ಲಿ ನಾನು ಹುಡುಕುವುದು ಈ ಅಂಕಿಯನ್ನು. ಪಿಎಚ್ ಎಷ್ಟು, ಪ್ರೋಟೀನ್ ಎಷ್ಟು ಅಂತಲೂ ಪಕ್ಕದಲ್ಲೇ ಬರೆದಿರಬೇಕು.

ನಿಜಕ್ಕೂ ಶಾಖ ತಡೆಯುವ ಕಿಣ್ವ ಸಿಕ್ಕರೆ ಲ್ಯಾಬಿನಲ್ಲೇ ಲಾಭವಿದೆ. ಅದರ ಜೀನನ್ನು ಲ್ಯಾಬ್‌ಗಳಲ್ಲಿ ಬಳಸುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಹಾಕಿ ಬೆಳೆಸಿ, ಕೋಶ ಒಡೆದ ದ್ರವವನ್ನು 60 ಡಿಗ್ರಿಗೆ ಬಿಸಿ ಮಾಡಿದರೆ ಇ. ಕೋಲಿಯ ಬಹುಪಾಲು ಪ್ರೋಟೀನುಗಳು ಗಟ್ಟಿಯಾಗಿ ತಳ ಸೇರುತ್ತವೆ. ನಮ್ಮದು ಮೇಲೆ ಉಳಿಯುತ್ತದೆ. ಆದರೆ ಇ. ಕೋಲಿಗೆ ಅಷ್ಟು ಹೀಮ್ ತಯಾರಿಸಿ ರೂಢಿಯಿಲ್ಲ. ಹೀಮ್ ಕಟ್ಟಲು ಬೇಕಾದ ಕಚ್ಚಾವಸ್ತು 5-ಅಮಿನೊಲೆವುಲಿನಿಕ್ ಆಮ್ಲ ಹಾಕಿ ಬೆಳೆಸದಿದ್ದರೆ ಅರ್ಧ ಕಿಣ್ವ ಹೀಮ್ ಇಲ್ಲದೆ ಖಾಲಿ ಉಳಿಯಬಹುದು.

ಕಾರ್ಖಾನೆಯ ಬಣ್ಣದ ನೀರಿಗೆ ಇದನ್ನು ಬಳಸಬೇಕು ಅನ್ನುವವರಿಗೆ ಎರಡು ಮಾತು. ಡೈಪ್‌ಗಳಿಗೆ ಆಂಥ್ರಾಕ್ವಿನೋನ್ ಗುಂಪಿನ ಬಣ್ಣಗಳು ಸುಲಭ, ಅಜೋ ಗುಂಪಿನ ಬಣ್ಣಗಳು ಕಷ್ಟ. ಬಟ್ಟೆ ಉದ್ಯಮದಲ್ಲಿ ಜಾಸ್ತಿ ಇರುವುದು ಅಜೋ. ಆಂಥ್ರಾಕ್ವಿನೋನ್ ಗುಂಪಿನ ನೀಲಿ ಬಣ್ಣವೊಂದನ್ನು ಕಳೆದು ತೋರಿಸಿದರೆ ಸಾಲದು. ಎರಡನೆಯದು, ಇಲ್ಲಿ ಕಿಣ್ವವನ್ನು ಕೊಲ್ಲುವುದು ಶಾಖವೊಂದೇ ಅಲ್ಲ. ಪೆರಾಕ್ಸೈಡ್ ಹೆಚ್ಚಾದರೆ ಹೀಮನ್ನೇ ಸುಟ್ಟುಹಾಕುತ್ತದೆ. ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಕೊಡಿ. ಅರ್ಧಾಯುಷ್ಯವನ್ನೂ ಎರಡು ರೀತಿ ಅಳೆಯಿರಿ, ಪೆರಾಕ್ಸೈಡ್ ಇಲ್ಲದೆ ಒಮ್ಮೆ, ಬಣ್ಣದ ನೀರಿನ ತೊಟ್ಟಿಯಲ್ಲಿ ಇರುವಷ್ಟೇ ಪೆರಾಕ್ಸೈಡ್ ಹಾಕಿ ಇನ್ನೊಮ್ಮೆ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಕೊಡಿ.