ದಾನಿಯೆಲ್ ದಾರ್ಯೂ ಮತ್ತು ಬರ್ಲಿನ್‌ಗೆ ಹೋದ ಆ ರೈಲು

1942ರ ಮಾರ್ಚ್. ಪ್ಯಾರಿಸ್ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಅಲ್ಲಿಂದ ಕೆಲವು ಫ್ರೆಂಚ್ ತಾರೆಯರು ಬರ್ಲಿನ್ ರೈಲು ಹತ್ತಿದರು. ಅವರಲ್ಲಿ 24 ವರ್ಷದ ದಾನಿಯೆಲ್ ದಾರ್ಯೂ ಕೂಡ ಇದ್ದರು. ಈ ನಟಿ ನಾಜಿಗಳ ಜೊತೆ ಕೈಜೋಡಿಸಿದ್ದರೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಪ್ರಶ್ನೆ ಸಣ್ಣದಲ್ಲ. ಆದರೆ ಆ ಒಂದು ಪ್ರಯಾಣವನ್ನಷ್ಟೇ ನೋಡಿದರೆ ಉತ್ತರ ಸಿಗುವುದಿಲ್ಲ.

ಅವರು ಹುಟ್ಟಿದ್ದು 1917ರಲ್ಲಿ, ಬೋರ್ಡೋದಲ್ಲಿ. ಸೆಲ್ಲೋ ಕಲಿಯುತ್ತಿದ್ದ ಹುಡುಗಿ 14ನೇ ವಯಸ್ಸಿಗೇ ಸಿನಿಮಾಕ್ಕೆ ಬಂದರು. 1936ರ 'ಮಯರ್ಲಿಂಗ್' ಅವರನ್ನು ದೊಡ್ಡ ತಾರೆಯಾಗಿಸಿತು.

1940ರಲ್ಲಿ ಜರ್ಮನ್ನರು ಪ್ಯಾರಿಸ್‌ನಲ್ಲಿ ಕಾಂಟಿನೆಂಟಲ್ ಎಂಬ ಸಿನಿಮಾ ಕಂಪನಿ ತೆರೆದರು. ದುಡ್ಡು ಅವರದು, ನಟರು, ನಿರ್ದೇಶಕರು, ಭಾಷೆ ಎಲ್ಲ ಫ್ರೆಂಚ್. ಕೆಲಸ ಬೇಕಾದ ಅನೇಕರು ಆ ಬಾಗಿಲನ್ನೇ ತಟ್ಟಿದರು. ದಾರ್ಯೂ ಅಲ್ಲಿ ಮೂರು ಚಿತ್ರ ಮಾಡಿದರು. ಮೊದಲನೆಯದು 'ಪ್ರೆಮಿಯೆ ರಾಂದೆವೂ', ಅಂದರೆ ಮೊದಲ ಭೇಟಿ. ಅದೇ ಹೆಸರಿನ ಹಾಡನ್ನು ಅವರೇ ಹಾಡಿದ್ದರು. ಬರ್ಲಿನ್‌ನಲ್ಲಿ ತೋರಿಸಲು ಹೊರಟಿದ್ದೂ ಇದೇ ಚಿತ್ರ.

ಹೋಗಲು ಒಪ್ಪಿದ್ದೇಕೆ? ಅವರು ಪ್ರೀತಿಸುತ್ತಿದ್ದ ಪೊರ್ಫಿರಿಯೊ ರುಬಿರೋಸ ಡೊಮಿನಿಕನ್ ಗಣರಾಜ್ಯದ ರಾಜತಾಂತ್ರಿಕ. ಹಿಂದಿನ ಡಿಸೆಂಬರ್‌ನಲ್ಲಿ ಆ ದೇಶ ಜರ್ಮನಿಯ ಮೇಲೆ ಯುದ್ಧ ಸಾರಿತ್ತು. ಹಾಗಾಗಿ ರುಬಿರೋಸ ಅವರನ್ನು ಜರ್ಮನಿಯ ಬಾಟ್ ನೌಹೈಮ್‌ನಲ್ಲಿ ಕೂಡಿಹಾಕಿದ್ದರು. ಅವರನ್ನು ನೋಡಬೇಕು, ಬಿಡಿಸಿಕೊಳ್ಳಬೇಕು ಅನ್ನುವುದೇ ದಾರ್ಯೂ ಮನಸ್ಸಿನಲ್ಲಿದ್ದದ್ದು. ಅದೇ ವರ್ಷ ಇಬ್ಬರೂ ಮದುವೆಯಾದರು. ದಾರ್ಯೂ ಕಾಂಟಿನೆಂಟಲ್ ಬಿಟ್ಟರು. ಆಮೇಲೆ ಆಲ್ಪ್ಸ್ ಬೆಟ್ಟದ ಮೆಜೇವ್ ಊರಿನಲ್ಲಿ, ಕಾವಲಿನ ನಡುವೆ ಬದುಕು. ಸಿನಿಮಾ ಇಲ್ಲ. ರೈಲಿನ ಕತೆ ಹೇಳುವಾಗ ಈ ಭಾಗವನ್ನೂ ಹೇಳಬೇಕು ಅಲ್ವಾ?

ಯುದ್ಧ ಮುಗಿದ ಮೇಲೆ ಟೀಕೆ ಬಂತು, ಪಾತ್ರಗಳೂ ಬಂದವು. 1950ರಿಂದ 1953ರ ನಡುವೆ ಮ್ಯಾಕ್ಸ್ ಓಫುಲ್ಸ್ ಅವರ ಮೂರು ಚಿತ್ರಗಳಲ್ಲಿ ನಟಿಸಿದರು. ಓಫುಲ್ಸ್ ಯಹೂದಿ. ನಾಜಿಗಳ ಕಾರಣಕ್ಕೆ ಮೊದಲು ಜರ್ಮನಿಯನ್ನು, ಆಮೇಲೆ ಫ್ರಾನ್ಸನ್ನು ಬಿಟ್ಟು ಹೋಗಬೇಕಾಗಿ ಬಂದವರು. ಅಂಥವರು ದಾರ್ಯೂ ಅವರನ್ನು ಮತ್ತೆ ಮತ್ತೆ ಕರೆದರು. ನನಗೆ ಇದು ದೊಡ್ಡ ಮಾತಾಗಿ ಕಾಣುತ್ತದೆ.

1967ರ 'ರೋಶ್‌ಫೋರ್ ಹುಡುಗಿಯರು' ಸಂಗೀತ ಚಿತ್ರದಲ್ಲಿ ಉಳಿದ ಮುಖ್ಯ ನಟಿಯರಿಗೆ ಬೇರೆಯವರು ಹಾಡಿದರು. ದಾರ್ಯೂ ಮಾತ್ರ ತಮ್ಮ ದನಿಯಲ್ಲೇ ಹಾಡಿದರು. 90ರ ವಯಸ್ಸಿನಲ್ಲೂ ಒಂದು ಅನಿಮೇಷನ್ ಚಿತ್ರದ ಅಜ್ಜಿಗೆ ದನಿ ಕೊಟ್ಟರು. 2017ರ ಅಕ್ಟೋಬರ್‌ನಲ್ಲಿ, ನೂರು ತುಂಬಿ ಕೆಲವು ತಿಂಗಳಿಗೆ, ತೀರಿಕೊಂಡರು. ಆಗ ಬಂದ ಸುದ್ದಿಗಳಲ್ಲೂ ಬರ್ಲಿನ್ ಪ್ರಯಾಣ ಮತ್ತೆ ಬಂತು.